ಹದಿನಾರು ಹಲಗೆಯ ಕೋಣೆ

ಮರಿಯಪ್ಪನವರನ್ನು ಮನೆಗೆ ಊಟಕ್ಕೆ ಕರೆಯಲು ಸ್ವಲ್ಪ ಧೈರ್ಯ ಬೇಕಾಗುತ್ತಿತ್ತು. ಊಟದ ವಿಷಯದಲ್ಲಿ ಅವರದು ಯಾವ ತಕರಾರೂ ಇಲ್ಲ. ಬಡಿಸಿದ್ದನ್ನು ತಿಂದು, ಮಜ್ಜಿಗೆ ಕುಡಿದು, ಸುಮ್ಮನೆ ಕೈ ತೊಳೆದು ಬರುವ ಮನುಷ್ಯ. ಆದರೆ ಬಂದು ಕೂತ ಐದು ನಿಮಿಷಕ್ಕೆ ಅವರ ಬೆರಳಿನ ಗೆಣ್ಣು ಪಕ್ಕದ ಮೇಜಿಗೋ ಕಪಾಟಿಗೋ ಹೋಗಿ ಟಕ್ ಟಕ್ ಎಂದು ಬಡಿಯುತ್ತಿತ್ತು. ಆಮೇಲೆ ತೀರ್ಪು ಬರುತ್ತಿತ್ತು. ನಮ್ಮ ಮನೆಗೆ ಮೊದಲ ಸಲ ಬಂದಾಗ, ನಾನು ದೀಪಾವಳಿಗೆಂದು ಆಸೆಪಟ್ಟು ತಂದಿದ್ದ ಟಿ.ವಿ. ಸ್ಟ್ಯಾಂಡನ್ನು ಬಡಿದು ನೋಡಿ, "ಇದು ಮರ ಅಲ್ಲಮ್ಮ, ಮರದ ಪುಡಿ. ಒದ್ದೆ ಬಟ್ಟೇಲಿ ಒರೆಸಬೇಡಿ, ಉಬ್ಬುತ್ತೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಮಳೆಗಾಲದಲ್ಲಿ ಅದು ಉಬ್ಬಿದಾಗ ಇನ್ನೂ ಹೆಚ್ಚು ಉರಿಯಿತು.

ನಾನು ಶ್ರೀಲಕ್ಷ್ಮಿ. ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ನೋಯ್ಡಾದ ನಮ್ಮ ಸೊಸೈಟಿ ಕೇಂದ್ರ ಸರ್ಕಾರದ ನೌಕರರು ಸೇರಿ ಕಟ್ಟಿಸಿಕೊಂಡದ್ದು. ನೂರಿಪ್ಪತ್ತು ಫ್ಲ್ಯಾಟುಗಳಲ್ಲಿ ಕನ್ನಡದ ಮನೆಗಳು ಒಂಬತ್ತು. ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ ಗೇಟಿನ ಮುಂದೆ ಚಾರ್ಟರ್ಡ್ ಬಸ್ಸು ನಿಲ್ಲುತ್ತಿತ್ತು. ಮೂರನೆಯ ಸಾಲಿನ ಕಿಟಕಿ ಪಕ್ಕದ ಸೀಟು ಮರಿಯಪ್ಪನವರದು, ಅದರ ಪಕ್ಕದ್ದು ನನ್ನದು. ಹನ್ನೊಂದು ವರ್ಷ ಹೀಗೆ ಪಕ್ಕಪಕ್ಕದಲ್ಲಿ ಕೂತು ಯಮುನೆಯ ಸೇತುವೆ ದಾಟಿದ್ದೇವೆ. ಅವರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಬಸ್ಸಿನಲ್ಲೇ ಕೇಳಿದ್ದು.

ಅವರ ಊರು ಹುಣಸೂರು. ತಂದೆ ಅಲ್ಲಿಯ ಮರದ ಡಿಪೋದಲ್ಲಿ ದಿಮ್ಮಿಗಳನ್ನು ಅಳೆದು ನಂಬರು ಹಾಕುವ ಕೆಲಸದಲ್ಲಿದ್ದರು. ಬೀಟೆ, ಹೊನ್ನೆ, ಮತ್ತಿ ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ವಾಸನೆಯಲ್ಲೇ ಹೇಳುವುದನ್ನು ಮರಿಯಪ್ಪನವರು ಎಂಟು ವರ್ಷಕ್ಕೇ ಕಲಿತಿದ್ದರಂತೆ. ಮೈಸೂರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿತು, ಪರೀಕ್ಷೆ ಬರೆದು, ದೆಹಲಿಗೆ ಬಂದು ಸರ್ಕಾರದ ಕಟ್ಟಡ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆದರು. ಮೊದಲ ವರ್ಷಗಳಲ್ಲಿ ತೇಗದ ಕಿಟಕಿ, ಸಾಲ್ ಮರದ ಬಾಗಿಲುವಾಡ ಇವೇ ಅವರ ಕೈಗೆ ಬರುತ್ತಿದ್ದವು. ತೊಂಬತ್ತರ ದಶಕದಲ್ಲಿ ಕಾಡು ಉಳಿಯಲಿ ಎಂದು ಸರ್ಕಾರಿ ಕಟ್ಟಡಗಳಿಗೆ ಮರ ಬೇಡವೆಂದಾಯಿತು. ಅಲ್ಲಿಂದ ನಿವೃತ್ತಿಯವರೆಗೂ ಅವರು ಬಿಡಿಸಿದ್ದು ಮಡಚಿದ ಉಕ್ಕಿನ ತಗಡಿನ ಬಾಗಿಲುವಾಡಗಳನ್ನು. ಸಾವಿರಾರು ಬಿಡಿಸಿರಬೇಕು.

"ಕಾಡು ಕಡಿಯೋದು ನಿಲ್ಸಿದ್ದು ಸರಿನೇ ಅಮ್ಮ" ಎನ್ನುತ್ತಿದ್ದರು. "ಆದ್ರೆ ಅದರ ಜೊತೆಗೆ ಮರಾನೂ ಮರೆತುಬಿಟ್ರು. ತಗಡನ್ನ ಬಡಿದ್ರೆ ಏನು ಉತ್ತರ ಕೊಡುತ್ತೆ ಹೇಳಿ?"

ತಗಡು ಉತ್ತರ ಕೊಡಬೇಕೆಂದು ಬಯಸುವವರ ಜೊತೆ ಏನು ಮಾತಾಡುವುದು? ನಾನು ಪೇಪರು ಬಿಡಿಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಐದರಲ್ಲಿ ಅವರು ನಿವೃತ್ತರಾದರು. ಬೇರೆಯವರಾದರೆ ಪಾರ್ಕಿನಲ್ಲಿ ಬಿಸಿಲು ಕಾಯಿಸುತ್ತಿದ್ದರು. ಇವರು ನಮ್ಮ ಸೆಕ್ಟರಿನಿಂದ ಮೂರು ಕಿಲೋಮೀಟರು ದೂರದ ಒಂದು ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿ ಕೆಲಸ ಕೇಳಿದರು. ಆಫೀಸುಗಳ ಒಳಗೆ ಅಡ್ಡಗೋಡೆ ಹಾಕಲು ಪ್ಲೈವುಡ್ ಚೌಕಟ್ಟು ಮಾಡುವ ಸಣ್ಣ ಕಾರ್ಖಾನೆ ಅದು. ಅಲ್ಲಿ ಸಹಾರನ್‌ಪುರದ ಇರ್ಫಾನ್ ಮಿಸ್ತ್ರಿ ಎಂಬ ಬಡಗಿ ಮುಖ್ಯಸ್ಥ. ಮರಿಯಪ್ಪನವರ ಹಿಂದಿ ಮೂವತ್ತು ವರ್ಷವಾದರೂ ಹುಣಸೂರಿನದೇ. ಇರ್ಫಾನನ ಹಿಂದಿಯಲ್ಲಿ ಅರ್ಧ ಉರ್ದು. ಆದರೂ ಇಬ್ಬರಿಗೂ ಮೊದಲ ದಿನವೇ ಸರಿಹೋಯಿತಂತೆ. ಇಬ್ಬರೂ ಹಲಗೆ ಬಡಿದು ನೋಡುವ ಜಾತಿ.

ಅಲ್ಲಿ ಕೂತು ಅವರು ಒಂದು ವರ್ಷ ಒಂದೇ ವಿಷಯದ ಹಿಂದೆ ಬಿದ್ದರು. ನಾಲ್ಕಡಿ ಅಗಲ, ಎಂಟಡಿ ಎತ್ತರದ ಮರದ ಪ್ಯಾನೆಲ್. ಯಮುನಾನಗರದ ಕಡೆ ರೈತರು ಹೊಲದ ಬದುವಿನಲ್ಲಿ ಬೆಳೆಯುವ ಪಾಪ್ಲರ್ ಮರದ ಪ್ಲೈವುಡ್ಡು ಎರಡು ಮಗ್ಗುಲಿಗೆ. ಒಳಗಿನ ಚೌಕಟ್ಟಿಗೆ ನೀಲಗಿರಿಯ ತುಂಡುಗಳು. ಬಿಸಾಡುವ ಮೊಳದುದ್ದದ ತುಂಡುಗಳನ್ನೇ, ಎರಡು ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದ ಹಾಗೆ, ಹಲ್ಲು ಕೊರೆದು ಅಂಟಿಸಿ ಉದ್ದ ಮಾಡಿದ್ದು. ಗೆದ್ದಲು ಹಿಡಿಯದಂತೆ ಬೋರಾಕ್ಸ್ ಎಂಬ ಲವಣದ ದ್ರಾವಣದಲ್ಲಿ ಅದ್ದಿದ್ದು. ಒಂದು ಪ್ಯಾನೆಲ್ಲಿನ ಬೋಲ್ಟಿನ ತೂತು ಇನ್ನು ಯಾವ ಪ್ಯಾನೆಲ್ಲಿನ ತೂತಿಗಾದರೂ ಕೂರಬೇಕು. ಕೋಣೆ ಕಟ್ಟಬಹುದು, ಬೇಡವಾದಾಗ ಬಿಚ್ಚಿ ಬೇರೆ ಕಡೆ ಕಟ್ಟಬಹುದು. ನಾವೆಲ್ಲ ಅದನ್ನು ಹಲಗೆ ಎಂದೇ ಕರೆದೆವು.

"ಮರ ಕಡಿದು ಪರಿಸರ ಉಳಿಸ್ತೀರಾ?" ಎಂದು ನಾನು ಕೆಣಕಿದೆ.

"ಕಬ್ಬು ಕಡಿದ್ರೆ ಯಾರಾದ್ರೂ ಅಳ್ತಾರೇನಮ್ಮ? ಪಾಪ್ಲರ್ರೂ ಹಾಗೇ. ಆರೇಳು ವರ್ಷಕ್ಕೆ ಕಡೀತಾರೆ, ಮತ್ತೆ ನೆಡ್ತಾರೆ. ಮಧ್ಯೆ ಗೋಧಿ ಬೆಳೀತಾರೆ. ನಿಮ್ಮ ಸಿಮೆಂಟನ್ನ ಯಾವ ಹೊಲದಲ್ಲಿ ಮತ್ತೆ ಬೆಳೀತೀರಿ?"

ಸಿಮೆಂಟು ನನ್ನದು ಯಾವಾಗಿನಿಂದಾಯಿತೋ ಗೊತ್ತಿಲ್ಲ.

ಅವರಿಗೆ ಇದ್ದ ಆಸೆ ಒಂದೇ. ಜೀವಮಾನದಲ್ಲಿ ಒಂದು ಸಲ, ತಾವೇ ಯೋಚಿಸಿ ತಾವೇ ನಕ್ಷೆ ಬಿಡಿಸಿದ ಮರದ ಕಟ್ಟಡವೊಂದು ನಿಲ್ಲಬೇಕು. ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅವರು ಬಿಡಿಸಿದ್ದೆಲ್ಲ ಬೇರೆಯವರ ಯೋಚನೆ. ಇದನ್ನು ಅವರು ಯಾರಿಗೂ ದೊಡ್ಡದಾಗಿ ಹೇಳಿಕೊಂಡವರಲ್ಲ. ಅವರ ಹೆಂಡತಿ ಶಾರದಮ್ಮ ಒಂದು ಸಂಜೆ ಸೊಪ್ಪು ಬಿಡಿಸುತ್ತ ಹೇಳಿದ್ದರಿಂದ ನನಗೆ ಗೊತ್ತಾಯಿತು. "ನಿದ್ದೇಲೂ ಗೋಡೆ ಜೋಡಿಸ್ತಾರೆ ಕಣ್ರೀ ಇವರು. ಒಂದು ಸಲ ನಿಂತುಬಿಟ್ರೆ ಸಾಕು, ನನಗೂ ನೆಮ್ಮದಿ" ಎಂದರು.

ನನಗೂ ಒಂದು ಕೋಣೆ ಬೇಕಾಗಿತ್ತು. ಭಾನುವಾರದ ಕನ್ನಡ ತರಗತಿ ನಮ್ಮ ಹಾಲಿನಲ್ಲಿ ನಡೆಯುತ್ತಿತ್ತು. ಹನ್ನೊಂದು ಮಕ್ಕಳು, ಒಂದು ಕಪ್ಪು ಹಲಗೆ, ಕೆಳಗಿನ ಫ್ಲ್ಯಾಟಿನವರ ದೂರು. ನನ್ನ ಮಗಳು ಲಾವಣ್ಯಾಳೇ, "ಮಮ್ಮಾ, ಕನ್ನಡ ನಂಗೆ ಸಮಝ್ ಮೇಂ ಆತೀ ಹೈ, ಬರಿಯಕ್ಕೆ ಬರಲ್ಲ ಅಷ್ಟೇ. ಚಲೇಗಾ" ಎನ್ನುವ ಸ್ಥಿತಿ. ಚಲೇಗಾ ಅಂತೆ, ಅಷ್ಟು ಸಾಕಂತೆ. ಅಲ್ಲಿಂದ ನಾನು ಪಟ್ಟು ಹಿಡಿದೆ. ಗೇಟಿನ ಪಕ್ಕ ಸೊಸೈಟಿಯ ಖಾಲಿ ಜಾಗವೊಂದಿತ್ತು. ಹನ್ನೆರಡು ಕಾರು ನಿಲ್ಲಿಸುತ್ತಿದ್ದರು. ಅಲ್ಲಿ ಒಂದು ಕೋಣೆ ಕೊಡಿ ಎಂದು ಕಾರ್ಯದರ್ಶಿ ತ್ಯಾಗಿಜಿಯ ಹಿಂದೆ ಬಿದ್ದೆ.

ತ್ಯಾಗಿಜಿ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕೆಟ್ಟವರಲ್ಲ, ಗಡಿಯಾರದ ಮನುಷ್ಯ. ಆರು ತಿಂಗಳು ನನ್ನ ಕಾಟ ತಡೆದು ಕೊನೆಗೆ ಷರತ್ತು ಹಾಕಿದರು. ಇಟ್ಟಿಗೆ, ಸಿಮೆಂಟು ಕೂಡದು. ನಾಳೆ ತೆಗೆ ಎಂದರೆ ಗುರುತೂ ಉಳಿಯದಂತೆ ತೆಗೆಯಲು ಬರಬೇಕು. ಕಾರಿನವರು ಮೂರು ದಿನ ಮಾತ್ರ ರಸ್ತೆಯಲ್ಲಿ ನಿಲ್ಲಿಸಿಕೊಳ್ಳಲು ಒಪ್ಪಿದ್ದಾರೆ. ಶುಕ್ರವಾರ ಬೆಳಿಗ್ಗೆ ಶುರು ಮಾಡಿ ಭಾನುವಾರ ಸಂಜೆ ಆರಕ್ಕೆ ನಾಲ್ಕೂ ಗೋಡೆ ಮುಚ್ಚಿ ಬಾಗಿಲಿಗೆ ಬೀಗ ಬೀಳಬೇಕು. ಬೀಳದಿದ್ದರೆ ಸೋಮವಾರ ಎಲ್ಲ ತೆಗೆಸುತ್ತೇನೆ, ಜಾಗ ಕಾಯಂ ಪಾರ್ಕಿಂಗಿಗೆ ಹೋಗುತ್ತದೆ, ಮತ್ತೆ ಈ ಮಾತು ಎತ್ತಬಾರದು.

ಇದನ್ನು ಕೇಳಿ ಮರಿಯಪ್ಪನವರ ಮುಖ ಮದುವೆ ಗೊತ್ತಾದವರ ಮುಖದ ಹಾಗಾಯಿತು. ಇಂಥ ಷರತ್ತಿಗೆಂದೇ ಅವರ ಹಲಗೆ ಹುಟ್ಟಿತ್ತು. ಕಾರ್ಖಾನೆಯ ಮಾಲೀಕರು ಮಾದರಿಗೆಂದು ಒಂದು ಕಂತು ಮಾಡಲು ಒಪ್ಪಿದರು. ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ಕೋಣೆ. ಸುತ್ತ ಹದಿನಾರು ಹಲಗೆ. ಒಂದರಲ್ಲಿ ಬಾಗಿಲು, ಮೂರರಲ್ಲಿ ಕಿಟಕಿ. ಮೇಲೆ ಹೊದಿಸಲು ಚಾವಣಿಯ ಹಲಗೆಗಳು ಬೇರೆ.

ಇನ್ನು ನಮ್ಮ ಕಡೆಯ ಕಾರುಬಾರು ಶುರುವಾಯಿತು. ಮರದ್ದಾದರೇನು, ಬಿಚ್ಚುವಂಥದ್ದಾದರೇನು, ಮಕ್ಕಳು ಅಕ್ಷರ ಕಲಿಯುವ ಜಾಗ. ಗೋಡೆ ಏಳುವ ಮೊದಲು ಮುಹೂರ್ತ ನೋಡಿ ಬಾಗಿಲು ನಿಲ್ಲಿಸಿ ಪೂಜೆ ಮಾಡಬೇಡವೇ? ಶಾರದಮ್ಮ ಪಂಚಾಂಗ ತೆಗೆದು, ಮಾಘ ಮಾಸ, ಶುಕ್ರವಾರ ಬೆಳಿಗ್ಗೆ ಏಳೂಕಾಲರಿಂದ ಎಂಟರೊಳಗೆ ಎಂದು ತೆಗೆದೇಬಿಟ್ಟರು. ಮರಿಯಪ್ಪನವರ ನಕ್ಷೆಯ ಪ್ರಕಾರ ಕೆಲಸ ಮೂಲೆಯಿಂದ ಶುರುವಾಗಬೇಕು. ಬಾಗಿಲಿನ ಹಲಗೆ ಒಂಬತ್ತನೆಯದು. ನಾವಿಬ್ಬರೂ ಜಗಳಕ್ಕೆ ಸಿದ್ಧವಾಗಿ ಹೋದೆವು. ಅವರು ಒಂದು ನಿಮಿಷ ಗಡ್ಡ ಕೆರೆದುಕೊಂಡು, "ಆಗ್ಲಿ ಬಿಡಿ. ಎಲ್ಲಿಂದ ಶುರು ಮಾಡಿದ್ರೂ ಸುತ್ತು ಸುತ್ತೇ" ಎಂದು ರಬ್ಬರು ತೆಗೆದುಕೊಂಡು ನಂಬರುಗಳನ್ನು ಬದಲಾಯಿಸಿದರು. ಬಾಗಿಲು ಒಂದನೆಯದಾಯಿತು. ಅಲ್ಲಿಂದ ಬಲಕ್ಕೆ ಹೊರಟು ಕೋಣೆಯನ್ನು ಸುತ್ತಿ ಬಂದು, ಬಾಗಿಲಿನ ಎಡಪಕ್ಕದಲ್ಲಿ ಹದಿನಾರನೆಯದು ಕೂರುತ್ತದೆ.

ಇಷ್ಟು ಸುಲಭವಾಗಿ ಒಪ್ಪಿದ ಮನುಷ್ಯ ಇನ್ನೊಂದಕ್ಕೂ ಒಪ್ಪುತ್ತಿದ್ದರು ಎಂದು ನನಗೆ ಅಂದೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಸಿಲಿನ ಕೆಳಗೆ ನವಧಾನ್ಯ ಇಡಬೇಕಲ್ಲ. ಶಾರದಮ್ಮ ಕರೋಲ್ ಬಾಗಿನಿಂದ ಎಲ್ಲ ತರಿಸಿದ್ದರು. ಒಂಬತ್ತು ಧಾನ್ಯದ ಕಾಳು, ನವರತ್ನದ ಚೂರು, ಪಂಚಲೋಹದ ತುಣುಕು, ಒಂದು ತಾಮ್ರದ ಬಿಲ್ಲೆ. ಹಳದಿ ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಗಂಟು.

"ಇವರನ್ನ ಒಂದು ಮಾತು ಕೇಳೋಣವಾ?" ಎಂದು ಶಾರದಮ್ಮ ಅಂದರು.

"ಕೇಳಿದ್ರೆ ಬೇಡ ಅಂತಾರೆ. ಕೇಳೋದೇ ಬೇಡ" ಎಂದವಳು ನಾನು. ಆಫೀಸಿನಲ್ಲೂ ನನ್ನ ಪದ್ಧತಿ ಅದೇ.

ಗುರುವಾರ, ಮಟ್ಟ ನೋಡಲೆಂದು ತ್ಯಾಗಿಜಿ ಮೊದಲೇ ಬಿಡಿಸಿಕೊಟ್ಟ ಎರಡು ಕಾರಿನ ಜಾಗದಲ್ಲಿ, ಮರಿಯಪ್ಪನವರೂ ಇರ್ಫಾನನೂ ತಳಪಾಯದ ಕಲ್ಲುಗಳನ್ನಿಟ್ಟು, ಅದರ ಮೇಲೆ ಅಡಿಮರದ ತೊಲೆಗಳನ್ನು ಹಾಸಿ ಮಟ್ಟ ನೋಡಿದರು. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದುಕೊಂಡು ಸುತ್ತಲೂ ಓಡಾಡಿ, ಒಂದೊಂದು ಮೂಲೆಯಲ್ಲೂ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಸಂಜೆ ಹೊತ್ತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಹೇಳಿ ಮನೆಗೆ ಹೋಗಿ ಎರಡು ಲೋಟ ಕಾಫಿ ಕುಡಿದರಂತೆ.

ಶುಕ್ರವಾರ ಬೆಳಿಗ್ಗೆ ಚಳಿಯಲ್ಲಿ ನಾವೆಲ್ಲ ಶಾಲು ಹೊದ್ದುಕೊಂಡು ನಿಂತೆವು. ಇರ್ಫಾನನ ಜನ ನಾಲ್ವರು ಬಾಗಿಲಿನ ಹಲಗೆ ಎತ್ತಿ ತಂದರು. ಅಕ್ಕಪಕ್ಕ ಏನೂ ಇಲ್ಲ, ಬರೀ ಬಾಗಿಲು. ಇರ್ಫಾನ್ ಮಿಸ್ತ್ರಿ ಮೆಲ್ಲಗೆ, "ಪಹಲೇ ದರ್ವಾಜಾ? ಅಚ್ಛಾ" ಎಂದು ಹೇಳಿ ಗಂಭೀರವಾಗಿ ಚಪ್ಪಲಿ ಬಿಟ್ಟು ನಿಂತ. ಹಲಗೆಯನ್ನು ಅಡಿಮರದ ಮೇಲೆ ಇಳಿಸುವ ಹೊತ್ತಿಗೆ ಮರಿಯಪ್ಪನವರು ಎಡತುದಿಯಲ್ಲಿ ಬಗ್ಗಿ ನೋಡುತ್ತಿದ್ದರು. ಶಾರದಮ್ಮ ಆರತಿ ಹಿಡಿದಿದ್ದರು. ನಾನು ಕುಂಕುಮ ಹಚ್ಚುವವಳಂತೆ ಬಲತುದಿಯಲ್ಲಿ ಬಗ್ಗಿ ಗಂಟನ್ನು ಕೆಳಗೆ ಸೇರಿಸಿದೆ. ಹೊಸಿಲು ಅದರ ಮೇಲೆ ಕೂತಿತು. ಆ ಜಾಗಕ್ಕೆ ಚೆಂಡು ಹೂವನ್ನು ರಾಶಿ ಹಾಕಿದೆ. ಕಾಯಿ ಒಡೆದೆವು. ಗೋಡೆ ಸೇರುವವರೆಗೆ ಬಾಗಿಲನ್ನು ಅಲುಗಾಡಿಸಬಾರದು ಎಂದು ಶಾರದಮ್ಮ ಹೇಳಿದರು. ಮರಿಯಪ್ಪನವರು ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು. ನಾನು ಆ ಗಂಟಿನ ಬಗ್ಗೆ ಆಮೇಲೆ ಯೋಚಿಸಲೂ ಇಲ್ಲ.

ಆ ಎರಡು ದಿನ ನೋಡುವಂತಿದ್ದವು. ನೀರಿನ ಟ್ಯಾಂಕರಿಲ್ಲ, ಮರಳಿನ ರಾಶಿಯಿಲ್ಲ, ಧೂಳಿಲ್ಲ. ಹಲಗೆ ಬರುತ್ತದೆ, ನಿಲ್ಲುತ್ತದೆ, ನಡುವೆ ಒಂದು ರಬ್ಬರಿನ ಪಟ್ಟಿ, ನಾಲ್ಕು ಬೋಲ್ಟು, ಮುಗಿಯಿತು. ವಾಕಿಂಗಿಗೆ ಬಂದವರು ಅಲ್ಲೇ ನಿಂತುಬಿಡುತ್ತಿದ್ದರು. ತರಗತಿಯ ಮಕ್ಕಳು ತಮ್ಮ ತಮ್ಮ ಹಲಗೆ ಯಾವುದೆಂದು ಹಂಚಿಕೊಂಡರು. ಮರಿಯಪ್ಪನವರು ಪ್ರತಿ ಹಲಗೆಯನ್ನೂ ಬಡಿದು ಕಿವಿಗೊಟ್ಟು ಮುಂದೆ ಹೋಗುತ್ತಿದ್ದರು. ಊಟಕ್ಕೆ ಕರೆದರೆ ಬರುವವರಲ್ಲ. ಶಾರದಮ್ಮ ಚಿತ್ರಾನ್ನದ ಡಬ್ಬಿ ಅಲ್ಲಿಗೇ ತಂದು ಅವರಿಗೂ ಇರ್ಫಾನನಿಗೂ ಬಡಿಸಿದರು. ಶನಿವಾರ ಸಂಜೆಗೆ ಹದಿಮೂರು ಹಲಗೆ ನಿಂತಿದ್ದವು.

ಭಾನುವಾರ ಹನ್ನೆರಡು ಗಂಟೆಗೆ ಹದಿನೈದನೆಯದೂ ನಿಂತಿತು. ಉಳಿದದ್ದು ಒಂದೇ. ಅದನ್ನು ಎತ್ತಿ ತಂದು ಸಂದಿಗೆ ಹಿಡಿದರು. ಕೆಳಗೆ ಸರಿಯಾಗಿ ಕೂತಿತು. ಮೇಲೆ ಬಾಗಿಲಿನ ಚೌಕಟ್ಟಿಗೆ ತಗುಲಿ ನಿಂತಿತು. ಇನ್ನೊಮ್ಮೆ ಹಿಡಿದರು. ಇಲ್ಲ. ಮರಿಯಪ್ಪನವರು ಟೇಪು ಹಿಡಿದು ಅಳೆದರು. ಸಂದಿ ಕೆಳಗೆ ಸರಿಯಾಗಿ ನಾಲ್ಕಡಿ. ಮೇಲೆ ಅರ್ಧ ಇಂಚು ಕಡಿಮೆ.

ಅರ್ಧ ಇಂಚು ಎಂದರೆ ಏನು ಮಹಾ ಎಂದು ನಾನು ಅಂದುಕೊಂಡೆ. ತ್ಯಾಗಿಜಿ ಕೂಡ ಹಾಗೇ ಅಂದುಕೊಂಡಿರಬೇಕು. ಬಂದು ನೋಡಿ, ಹಲಗೆಯ ಬದಿಯನ್ನು ಮೇಲ್ಗಡೆ ಅರ್ಧ ಇಂಚು ಉಜ್ಜಿ ತುರುಕಿ, ಮುಗಿಸಿ ಎಂದರು. ಇರ್ಫಾನನೂ ಉಜ್ಜುಗೊರಡು ಕೈಗೆ ತೆಗೆದುಕೊಂಡು ಮರಿಯಪ್ಪನವರ ಮುಖ ನೋಡಿದ.

"ಬೇಡ" ಎಂದರು ಅವರು. "ಒಂದನ್ನ ಉಜ್ಜಿದ್ರೆ ಅದು ಇಲ್ಲಿಗೆ ಮಾತ್ರ ಆಯ್ತು. ಯಾವುದಾದ್ರೂ ಎಲ್ಲಿಗಾದ್ರೂ ಕೂರಬೇಕು ಅಂತಲ್ವಾ ನಾನು ಮಾಡಿದ್ದು? ಎಲ್ಲೋ ತಪ್ಪಿದೆ. ಹುಡುಕ್ತೀನಿ."

ಹುಡುಕಿದರು. ಒಂದೊಂದು ಹಲಗೆಯನ್ನೂ ಮೂಲೆಯಿಂದ ಮೂಲೆಗೆ ಅಳೆದರು. ಪೈಪು ತರಿಸಿ ಮತ್ತೆ ಮಟ್ಟ ನೋಡಿದರು. ಎರಡು ಗಂಟೆಯಾಯಿತು, ಮೂರಾಯಿತು. ಬಾಗಿಲಿನ ಹತ್ತಿರ ಮಾತ್ರ ಯಾರೂ ಹೋಗಲಿಲ್ಲ. ಅದನ್ನು ಮುಟ್ಟಬಾರದಾಗಿತ್ತಲ್ಲ. ಮೂರೂವರೆಗೆ ಅವರು ಕೊನೆಗೂ ಬಾಗಿಲಿನ ಪಕ್ಕ, ಮುಟ್ಟದೆಯೇ, ತೂಗುಗುಂಡಿನ ದಾರ ಇಳಿಬಿಟ್ಟು ನೋಡಿದರು. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

"ಬಾಗಿಲೇ ವಾಲಿದೆ" ಎಂದರು. "ಬಲಗಡೆ ಕಾಲು ಇಂಚು ಎತ್ತರ. ಕೆಳಗೆ ಕಾಲು ಇಂಚು ಅಂದ್ರೆ ಮೇಲೆ ಹೋಗೋ ಹೊತ್ತಿಗೆ ಅರ್ಧ ಇಂಚು. ಬಲಗಡೆ ಸಂದಿ ಬಿಟ್ಟಿದ್ದು ರಬ್ಬರ್ ಪಟ್ಟೀಲಿ ಮುಚ್ಚಿಹೋಗಿದೆ, ಗೊತ್ತಾಗಿಲ್ಲ. ಅಡಿಮರದ ಮಟ್ಟ ನೋಡಿದ್ದು ನಾನೇ. ಕೂದಲೆಳೆ ವ್ಯತ್ಯಾಸ ಇಲ್ಲ ಅಂದವನೂ ನಾನೇ."

ಬಲಗಡೆ ಎಂಬ ಮಾತು ಕೇಳಿದ ಕ್ಷಣ ನನಗೆ ಗಂಟು ನೆನಪಾಯಿತು. ಶಾರದಮ್ಮನ ಕಡೆ ನೋಡಿದೆ. ಅವರು ಆಗಲೇ ನನ್ನ ಕಡೆ ನೋಡುತ್ತಿದ್ದರು. ಇಬ್ಬರೂ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸುತ್ತ ಮೂವತ್ತು ಜನ ನಿಂತಿದ್ದರು, ತ್ಯಾಗಿಜಿ ಇದ್ದರು, ನನ್ನ ಮಗಳಿದ್ದಳು. ಇಪ್ಪತ್ತೆರಡು ವರ್ಷ ಸರ್ಕಾರಿ ಕಡತ ನೋಡಿದವಳು ನಾನು. ತಪ್ಪು ಯಾರದೆಂದು ಬರೆಯದೆ ಬಿಟ್ಟರೆ ಅದು ತಾನಾಗಿಯೇ ಕೆಳಗಿನವರ ತಲೆಗೆ ಹೋಗಿ ಕೂರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

ಮರಿಯಪ್ಪನವರು ಇರ್ಫಾನನಿಗೆ ತಮ್ಮ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ಎಲ್ಲ ಬಿಚ್ಚಿಬಿಡು, ಗಾಡಿಗೆ ಹಾಕು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬೇರೆಯವರು ಹೇಳಿದ್ದನ್ನ ಬಿಡಿಸೋದಷ್ಟೇ ನನಗೆ ಬರ್ತಿತ್ತು ಅಂತ ಕಾಣುತ್ತೆ ಅಮ್ಮ. ಮಕ್ಕಳಿಗೆ ಆಸೆ ತೋರಿಸಿದ್ದಾಯ್ತು, ಕ್ಷಮಿಸಿ" ಎಂದರು.

ನನ್ನನ್ನು ಕ್ಷಮೆ ಕೇಳಿದರು. ನನ್ನನ್ನು.

"ನಿಮ್ಮ ಮಟ್ಟ ಸರಿಯಾಗಿದೆ ಮರಿಯಪ್ಪನವರೇ" ಎಂದೆ. "ಹೊಸಿಲ ಕೆಳಗೆ ನವಧಾನ್ಯದ ಗಂಟಿದೆ. ಬಲಗಡೆ. ನಾನೇ ಇಟ್ಟೆ. ನಿಮಗೆ ಹೇಳೋದು ಬೇಡ ಅಂದವಳೂ ನಾನೇ. ಶಾರದಕ್ಕ ಕೇಳೋಣ ಅಂದಿದ್ರು."

ಮರಿಯಪ್ಪನವರು ಎದ್ದು ಹೋಗಿ ಮಂಡಿಯೂರಿ ಒಣಗಿದ ಚೆಂಡು ಹೂವನ್ನು ಬದಿಗೆ ಸರಿಸಿದರು. ಹಳದಿ ಬಟ್ಟೆಯ ಅಂಚು ಕಂಡಿತು. ಅದನ್ನೇ ನೋಡುತ್ತ ಇದ್ದರು. ಬೈಯುತ್ತಾರೆ, ಬೈಯಲಿ ಎಂದು ಕಾದೆ. ಅವರ ಭುಜ ಅಲುಗಾಡಿತು. ಅಳುತ್ತಿದ್ದಾರೆ ಎಂದು ಹೆದರಿದೆ. ನಗುತ್ತಿದ್ದರು.

"ನನ್ನ ಮಟ್ಟ ಸರಿಯಿದೆ ಶಾರದಾ" ಎಂದರು ಹೆಂಡತಿಗೆ. ಮೂವತ್ತು ಜನರ ಮುಂದೆ ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದು ಅದೇ ಮೊದಲಿರಬೇಕು.

"ಬಾಗಿಲು ಅಲುಗಾಡಿಸಿ ರೀ" ಎಂದರು ಶಾರದಮ್ಮ. "ನಾನೇ ಹೇಳ್ತಿದ್ದೀನಿ. ಪರವಾಗಿಲ್ಲ."

ಆಗ ನಾಲ್ಕು ಗಂಟೆ. ಸಿಮೆಂಟಿನ ಗೋಡೆಯಾಗಿದ್ದರೆ ನನ್ನ ಗಂಟು ಅಲ್ಲೇ ಸಮಾಧಿಯಾಗಿ, ಕೋಣೆ ಸಾಯುವವರೆಗೂ ವಾಲಿಕೊಂಡಿರುತ್ತಿತ್ತು. ಮರವಾದ್ದರಿಂದ ಬೋಲ್ಟು ಸಡಿಲಿಸಿದರು. ಬಾಗಿಲು, ಅದರ ಬಲಕ್ಕಿದ್ದ ಐದು ಹಲಗೆ. ಹಾರೆಯಿಂದ ಹೊಸಿಲನ್ನು ಎತ್ತಿ ಗಂಟನ್ನು ಹೊರಗೆ ತೆಗೆದರು. ನಾನು ಅದನ್ನು ಇಸಿದುಕೊಂಡು ಸೆರಗಿನಲ್ಲಿ ಬಚ್ಚಿಡಲು ಹೋದೆ. ಭೂಮಿ ಬಾಯಿಬಿಟ್ಟಿದ್ದರೆ ಗಂಟಿನ ಸಮೇತ ಒಳಗೆ ಹೋಗುತ್ತಿದ್ದೆ.

"ಎಲ್ಲಿಗೆ ತಗೊಂಡು ಹೋಗ್ತೀರಿ? ಕೊಡಿ ಇಲ್ಲಿ" ಎಂದರು ಮರಿಯಪ್ಪನವರು.

ಅಂಗೈ ಮೇಲಿಟ್ಟುಕೊಂಡು ಟೇಪು ಹಿಡಿದು ಅದನ್ನು ಅಳೆದರು. ಮೂರು ಇಂಚು ಉದ್ದ, ಎರಡು ಇಂಚು ಅಗಲ, ಕಾಲು ಇಂಚು ದಪ್ಪ. ಹೊಸಿಲಿನ ತಳಭಾಗದಲ್ಲಿ ಪೆನ್ಸಿಲಿನಿಂದ ಚೌಕ ಬಿಡಿಸಿ, ಇರ್ಫಾನನ ಕೈಯಿಂದ ಉಳಿ ತೆಗೆದುಕೊಂಡು ತಾವೇ ಕೊರೆಯತೊಡಗಿದರು. ತ್ಯಾಗಿಜಿ ಗಡಿಯಾರ ನೋಡಿಕೊಂಡರು. ನಾಲ್ಕೂ ಮುಕ್ಕಾಲು. "ಮರಿಯಪ್ಪಜಿ, ಟೈಮ್" ಎಂದರು.

"ಹೋ ಜಾಯೇಗಾ" ಎಂದರು ಇವರು, ತಲೆ ಎತ್ತದೆ.

ನನಗೆ ತಡೆಯಲಾಗಲಿಲ್ಲ. "ಬೇಡ ಬಿಡಿ ಮರಿಯಪ್ಪನವರೇ. ಗಂಟಿಲ್ಲದಿದ್ರೆ ಏನಾಗುತ್ತೆ? ಮೊದಲು ಗೋಡೆ ಮುಚ್ಚಿ."

ಅವರು ಮರದ ಚೂರನ್ನು ಊದಿ, ಗಂಟನ್ನು ಆ ಗುಳಿಯೊಳಗೆ ಇಟ್ಟು ನೋಡಿ, ಮತ್ತೆ ತೆಗೆದು ಒಂದು ಅಂಚನ್ನು ಇನ್ನಷ್ಟು ಕೆರೆದರು.

"ಹೇಳಿದ್ರೆ ಡ್ರಾಯಿಂಗಲ್ಲೇ ಜಾಗ ಕೊಡ್ತಿದ್ದೆನಲ್ಲಮ್ಮ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಆ ಮನುಷ್ಯನ ಪಕ್ಕ ಹನ್ನೊಂದು ವರ್ಷ ಕೂತಿದ್ದೆ.

ಗಂಟು ಗುಳಿಯಲ್ಲಿ ಕೂತಿತು. ಹೊಸಿಲು ಅಡಿಮರದ ಮೇಲೆ ಪೂರ್ತಿ ಕೂತಿತು. ಐದು ಹಲಗೆಗಳ ಬೋಲ್ಟನ್ನು ಮತ್ತೆ ಬಿಗಿದರು. ಐದೂವರೆ ದಾಟಿತ್ತು. ಹದಿನಾರನೆಯ ಹಲಗೆಯನ್ನು ಎತ್ತುವಾಗ ಇರ್ಫಾನನ ಜನರ ಜೊತೆ ತ್ಯಾಗಿಜಿಯೂ ಕೋಟು ಬಿಚ್ಚಿ ಕೈ ಕೊಟ್ಟರು. ಅದು ಒಂದು ಸಲ ಕಿರ್ರೆಂದು ಒಳಗೆ ಸರಿದು ನಿಂತಿತು. ಉಜ್ಜಲಿಲ್ಲ, ಬಡಿಯಲಿಲ್ಲ. ಚಾವಣಿಯ ಹಲಗೆಗಳಿಗೆ ಇನ್ನೊಂದು ದಿನ ಬೇಕಾಗಿತ್ತು. ತ್ಯಾಗಿಜಿ, ಷರತ್ತಿನಲ್ಲಿ ಗೋಡೆ ಮತ್ತು ಬೀಗ ಎಂದಷ್ಟೇ ಇದೆ, ಚಾವಣಿ ಎಂದು ಇಲ್ಲ ಎಂದು ತಾವೇ ತೀರ್ಮಾನಿಸಿ, ಆರಕ್ಕೆ ಎಂಟು ನಿಮಿಷ ಇರುವಾಗ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಮರಿಯಪ್ಪನವರಿಗೆ ಕೊಟ್ಟರು. ಮಕ್ಕಳು ಕೂಗಿದ ಕೂಗಿಗೆ ಗೇಟಿನ ಕಾವಲುಗಾರ ಓಡಿ ಬಂದ.

ಮುಂದಿನ ಭಾನುವಾರದಿಂದ ತರಗತಿ ಅಲ್ಲೇ. ಒಳಗೆ ಹೋದರೆ ಬೇಸಗೆಯಲ್ಲಿ ಫ್ಲ್ಯಾಟಿಗಿಂತ ತಂಪು. ಮರಿಯಪ್ಪನವರು ಕೊನೆಯ ಬೆಂಚಿನಲ್ಲಿ ಕೂತು ಮಕ್ಕಳ ಜೊತೆ ಕಾಗುಣಿತ ಕೇಳುತ್ತಾರೆ. ಯಾರಾದರೂ ಗೋಡೆಗೆ ಮೊಳೆ ಹೊಡೆಯಲು ಹೋದರೆ ಮಾತ್ರ ಎದ್ದು ಬರುತ್ತಾರೆ. ಎರಡು ಮಳೆಗಾಲ ಕಳೆಯಿತು. ಯಾವುದೂ ಉಬ್ಬಿಲ್ಲ. ಅದನ್ನು ಅವರು ನನಗೆ ನೆನಪಿಸುವುದನ್ನು ಬಿಟ್ಟಿಲ್ಲ. ಕಾರ್ಖಾನೆಗೆ ಆ ಹಲಗೆಗಳಿಗೆ ಬೇಡಿಕೆ ಬಂದಿದೆ. ಗುಡಗಾಂವಿನ ಒಂದು ಸೈಟ್ ಆಫೀಸಿಗೆ, ಮೀರತ್ತಿನ ಒಂದು ದವಾಖಾನೆಗೆ, ಇನ್ನೂ ಎಲ್ಲೆಲ್ಲಿಗೋ.

ಹೋದ ತಿಂಗಳು ಒಂದು ಶನಿವಾರ ಅವರ ಜೊತೆ ಕಾರ್ಖಾನೆಗೆ ಹೋಗಿದ್ದೆ. ಗೋಡೆಗೆ ಒರಗಿಸಿದ್ದ ಬಾಗಿಲಿನ ಹಲಗೆಗಳ ಸಾಲು. ಬಗ್ಗಿ ನೋಡಿದೆ. ಪ್ರತಿಯೊಂದರ ಹೊಸಿಲಿನ ತಳದಲ್ಲೂ, ಬಲಗಡೆ, ಮೂರು ಇಂಚು ಉದ್ದ ಎರಡು ಇಂಚು ಅಗಲದ ಪುಟ್ಟ ಗುಳಿ. ಹೊಸದಾಗಿ ಸೇರಿದ ಬಡಗಿಯೊಬ್ಬ ಇದೇಕೆ ಎಂದು ಇರ್ಫಾನನನ್ನು ಕೇಳುತ್ತಿದ್ದ. ಇರ್ಫಾನ್, "ಡ್ರಾಯಿಂಗ್ ಮೇಂ ಹೈ", ನಕ್ಷೆಯಲ್ಲಿದೆ ಎಂದಷ್ಟೇ ಹೇಳಿ ಮುಂದಿನ ಕೆಲಸಕ್ಕೆ ಹೋದ.

"ಎಲ್ಲರೂ ನಮ್ಮ ಹಾಗೆ ಗಂಟು ಇಡ್ತಾರೇನು ಮರಿಯಪ್ಪನವರೇ?" ಎಂದು ಕೇಳಿದೆ. "ಸುಮ್ನೆ ಯಾಕೆ ಎಲ್ಲದಕ್ಕೂ ಕೊರೆಸ್ತೀರಿ?"

"ಇಡದಿದ್ರೆ ಖಾಲಿ ಇರ್ಲಿ" ಎಂದರು. ಹಲಗೆಯೊಂದನ್ನು ನೆಟ್ಟಗೆ ಮಾಡಿ ನಿಲ್ಲಿಸುತ್ತ, ನನ್ನ ಕಡೆ ನೋಡದೆ ಹೇಳಿದರು. "ಇಡೋರು ಹೇಳಿ ಇಡಲ್ಲವಲ್ಲಮ್ಮ."